ಫಾರಂನಲ್ಲಿ ನಾನು 'ಗೃಹಿಣಿ' ಅಂತ ಬರೆದಿದ್ದೆ

ಆಸ್ಪತ್ರೆ ಕೌಂಟರಿನಲ್ಲಿ ಕೊಡೋ ಫಾರಂ ಗೊತ್ತಲ್ಲ? ಹೆಸರು, ವಯಸ್ಸು, ವಿಳಾಸ, ಮೊಬೈಲ್ ನಂಬರ್. ಅದರಲ್ಲಿ 'ಉದ್ಯೋಗ' ಅಂತ ಒಂದು ಖಾನೆ ಇರುತ್ತೆ. ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ಅವ್ವನನ್ನು ವೀಲ್‌ಚೇರ್‌ನಲ್ಲಿ ಕೂರಿಸಿಕೊಂಡು ನಾನು ಆ ಫಾರಂ ತುಂಬುತ್ತಿದ್ದೆ. ಅವಳ ವಯಸ್ಸು ಎಷ್ಟು ಅಂತ ಒಂದು ನಿಮಿಷ ಲೆಕ್ಕ ಹಾಕಬೇಕಾಯಿತು. ಉದ್ಯೋಗದ ಖಾನೆಗೆ ಮಾತ್ರ ಯೋಚನೆಯೇ ಬೇಕಾಗಲಿಲ್ಲ. 'ಗೃಹಿಣಿ' ಅಂತ ಬರೆದು ಪೆನ್ನು ವಾಪಸ್ ಕೊಟ್ಟೆ.

ನನ್ನ ಇಂಜಿನಿಯರಿಂಗ್‌ನ ಎಂಟೂ ಸೆಮಿಸ್ಟರಿನ ಫೀಸು, ಹಾಸ್ಟೆಲ್ಲು, ಮೊದಲ ಲ್ಯಾಪ್‌ಟಾಪು, ಎಲ್ಲಾ ಬಂದಿದ್ದು ಅವ್ವ ಸಾಕಿದ ರೇಷ್ಮೆ ಹುಳದಿಂದ. ಮೂವತ್ತು ವರ್ಷ ಅವಳು ಮಾಡಿದ ಕೆಲಸ ನನ್ನ ಕಣ್ಣಿಗೆ ಕೆಲಸದ ಥರ ಕಂಡೇ ಇರಲಿಲ್ಲ. ಅವಳನ್ನು ಆ ವೀಲ್‌ಚೇರಿಗೆ ತಂದಿದ್ದೂ ಅದೇ ಕೆಲಸ ಅಂತ ತಿಳಿಯೋಕೆ ಇನ್ನೂ ಎರಡು ತಿಂಗಳು ಹಿಡಿಯಿತು.

ಹುಳಕ್ಕೆ ಜ್ವರ ಬಂದರೆ

ನಮ್ಮೂರು ಕನಕಪುರದ ಹತ್ತಿರ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಬೋರ್‌ವೆಲ್. ವರ್ಷಕ್ಕೆ ಐದಾರು ಬೆಳೆ ಹುಳ. ಗೂಡು ಮಾರೋದು ರಾಮನಗರದ ಮಾರ್ಕೆಟ್ಟಿನಲ್ಲಿ. ರೇಷ್ಮೆ ಗೊತ್ತಿಲ್ಲದವರಿಗಾಗಿ ಹೇಳ್ತೀನಿ: ರೈತರು 'ನೂರು ಮೊಟ್ಟೆ' ಅಂದರೆ ಅದು ನೂರು ಚಿಟ್ಟೆ ಇಟ್ಟ ಮೊಟ್ಟೆ. ಅಂದರೆ ಹೆಚ್ಚುಕಡಿಮೆ 40,000 ಹುಳ. ಅಷ್ಟೂ ಹುಳಕ್ಕೆ ದಿನಕ್ಕೆ ಎರಡು ಮೂರು ಸಲ ಸೊಪ್ಪು ಕೊಡಬೇಕು, ಹಿಕ್ಕೆ ಮತ್ತು ಒಣಗಿದ ಸೊಪ್ಪನ್ನು ತೆಗೆಯಬೇಕು, ಪುಡಿ ಉದುರಿಸಬೇಕು. ಹುಳ ನಾಲ್ಕು ಸಲ ಪೊರೆ ಬಿಡುತ್ತೆ. ಆಗ ತಿನ್ನೋದು ನಿಲ್ಲಿಸಿ ಅಲ್ಲಾಡದೆ ಕೂರುತ್ತೆ. ಅದಕ್ಕೆ ನಮ್ಮ ಕಡೆ 'ಜ್ವರ' ಅಂತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹಾಗೆ ನಾಲ್ಕು. ನಾಲ್ಕನೇ ಜ್ವರ ಎದ್ದ ಮೇಲೆ ಬರೋ ಏಳೆಂಟು ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹುಳ ಜೀವಮಾನದಲ್ಲಿ ತಿನ್ನೋ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಆ ದಿನಗಳಲ್ಲೇ ಖಾಲಿಯಾಗೋದು.

ನಾನು ಚಿಕ್ಕವನಿದ್ದಾಗ ನಮಗೆ ಬೇರೆ ಹುಳದ ಮನೆ ಇರಲಿಲ್ಲ. ಇದ್ದ ಒಂದು ಹಜಾರದಲ್ಲಿ ಗೋಡೆಯುದ್ದಕ್ಕೂ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ತಟ್ಟೆ. ಕೊನೇ ಸಾಲಿನ ಕೆಳಗೆ ಚಾಪೆ ಹಾಕಿ ನಾವು ಮಲಗುತ್ತಿದ್ದೆವು. ರಾತ್ರಿಯೆಲ್ಲ ಹುಳ ಸೊಪ್ಪು ತಿನ್ನೋ ಸದ್ದು, ಮೇಲಿಂದ ಹೊದಿಕೆ ಮೇಲೆ ಉದುರೋ ಹಿಕ್ಕೆ.

ಹುಳ ಬಂದ ಮೇಲೆ ಮನೆಯಲ್ಲಿ ಕಾನೂನೇ ಬೇರೆ. ಊದುಬತ್ತಿ ಹಚ್ಚಂಗಿಲ್ಲ, ಸೊಳ್ಳೆ ಬತ್ತಿ ಇಲ್ಲ, ಪೌಡರ್ ಹಾಕ್ಕೊಂಡು ಒಳಗೆ ಬರಂಗಿಲ್ಲ. ಬೀಡಿ ಸೇದಿದ ಅಪ್ಪ ಕೈ ತೊಳೆಯದೆ ಸೊಪ್ಪು ಮುಟ್ಟಿದರೆ ಅವ್ವ ಬೈಯುತ್ತಿದ್ದಳು. ಹುಳದ ಉಸಿರಿಗೆ ಏನೂ ತಾಗಬಾರದು ಅಂತ ಅಷ್ಟು ನಿಗಾ. ಹಾಲುತೊಂಡೆ ಬಂದು ಒಂದು ಹುಳ ಊದಿಕೊಂಡರೆ ಸಾಕು, ಅಪ್ಪ ಸೈಕಲ್ ಹತ್ತಿ ರೇಷ್ಮೆ ಇಲಾಖೆಯವರನ್ನು ಹುಡುಕಿಕೊಂಡು ಹೋಗುತ್ತಿದ್ದ.

ಅವ್ವನ ಕೆಮ್ಮಿಗೆ ಶುಂಠಿ ಕಷಾಯ ಇತ್ತು.

ಬೆಂಗಳೂರಲ್ಲಿ ಚೆನ್ನಾಗಿರ್ತಾಳೆ

ಕೆಮ್ಮು ಯಾವಾಗ ಶುರುವಾಯಿತು ಅಂತ ನಮಗ್ಯಾರಿಗೂ ನೆನಪಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಬೆಳಗಿನ ಜಾವ ಸೀನು, ಮೂಗು ಸೋರೋದು ಇತ್ತು. ಕೆಲಸಕ್ಕೆ ಸೇರಿದ ಹೊತ್ತಿಗೆ ರಾತ್ರಿ ಎದ್ದು ಕೂತು ಕೆಮ್ಮುವಷ್ಟಾಗಿತ್ತು. ಎದೆಯಲ್ಲಿ ಬೆಕ್ಕಿನ ಮರಿ ಕೂತ ಹಾಗೆ ಸುಯ್‌ ಸುಯ್‌ ಸದ್ದು. ನಮ್ಮೂರಲ್ಲಿ ಅದಕ್ಕೆ 'ಗೂರಲು' ಅಂತಾರೆ. ಪಕ್ಕದ ಪೇಟೆಯ ಡಾಕ್ಟರು 'ಡಸ್ಟ್ ಅಲರ್ಜಿ' ಅಂದರು. ಒಂದು ಇಂಜೆಕ್ಷನ್, ಒಂದು ಸಿರಪ್ಪು, ನಾಲ್ಕು ದಿನದ ಮಾತ್ರೆ. ಆ ಮಾತ್ರೆಯಲ್ಲಿ ಒಂದು ಪುಟ್ಟ ಬಿಳಿ ಮಾತ್ರೆ ಭಾರೀ ಕೆಲಸ ಮಾಡುತ್ತಿತ್ತು. ಅದು ಸ್ಟೀರಾಯ್ಡು ಅಂತ ಆಮೇಲೆ ಗೊತ್ತಾಯಿತು. ಅಪ್ಪ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದನ್ನೇ ಮತ್ತೆ ಮತ್ತೆ ತರುತ್ತಿದ್ದ.

ಆಮೇಲೆ ನಾನು ಬೆಂಗಳೂರಲ್ಲಿ ಮನೆ ಮಾಡಿದೆ. ಅವ್ವ ಬಂದು ಹತ್ತು ದಿನ ಇದ್ದಳು. ಮೂರನೇ ದಿನಕ್ಕೆ ಕೆಮ್ಮು ಕಡಿಮೆಯಾಯಿತು. ವಾರಕ್ಕೆ ಪೂರ್ತಿ ನಿಂತಿತು. ಊರಿಗೆ ಹೋದ ನಾಲ್ಕೇ ದಿನಕ್ಕೆ ಅಪ್ಪನ ಫೋನು: "ನಿಮ್ಮವ್ವಂಗೆ ಮತ್ತೆ ಶುರುವಾಯ್ತು ಕಣೋ."

ಇದು ಮೂರು ನಾಲ್ಕು ಸಲ ಆಯಿತು. ಅಪ್ಪ ತಮಾಷೆ ಮಾಡುತ್ತಿದ್ದ: "ನನ್ ಮುಖ ಕಂಡ್ರೆ ಕೆಮ್ಮು ಬತ್ತದೆ ಅವಳ್ಗೆ." ನಾನು ತಮಾಷೆಗಿಂತ ಕೆಟ್ಟದ್ದು ಮಾಡಿದೆ. ಬೆಂಗಳೂರಿನ ಹೊಗೆ, ಧೂಳು ಕುಡಿದುಕೊಂಡು ಚೆನ್ನಾಗಿರೋಳು ಊರಿನ ಒಳ್ಳೇ ಗಾಳಿಯಲ್ಲಿ ಹೇಗೆ ಕೆಮ್ಮುತ್ತಾಳೆ? ಇದು ಮನಸ್ಸಿನ ಖಾಯಿಲೆ, ಮಗನ ಹತ್ತಿರ ಇರೋ ಆಸೆ ಅಂದುಕೊಂಡೆ. ಒಂದು ಸಲ ಫೋನಿನಲ್ಲಿ ಅಂದೂಬಿಟ್ಟೆ: "ಅವ್ವ, ನೀನು ಅದನ್ನೇ ಯೋಚ್ನೆ ಮಾಡ್ತಾ ಕೂತ್ರೆ ಕೆಮ್ಮು ಬರದೆ ಇನ್ನೇನು?"

ಅವಳು ಜಗಳ ಮಾಡಲಿಲ್ಲ. "ಇರ್ಬೋದು ಕಣ್ ಮಗ" ಅಂದಳು. ಆಮೇಲೆ ಸುಮಾರು ದಿನ ನನ್ನ ಹತ್ತಿರ ಕೆಮ್ಮಿನ ವಿಷಯ ಎತ್ತಲೇ ಇಲ್ಲ. ಫೋನಿನಲ್ಲಿ ಕೆಮ್ಮು ಬಂದರೆ ದೂರ ಹಿಡಿದು ಕೆಮ್ಮಿ, "ನೀರು ಕುಡ್ಯಕ್ಕೋಗಿದ್ದೆ" ಅನ್ನುತ್ತಿದ್ದಳು.

ನಾನು ದಿನವಿಡೀ ಆಫೀಸಿನಲ್ಲಿ ಮಾಡೋ ಕೆಲಸವೇ 'ಯಾವ ಸರ್ವರ್‌ನಲ್ಲಿ ಸರಿಯಾಗಿ ಓಡುತ್ತೆ, ಯಾವುದರಲ್ಲಿ ಕೈ ಕೊಡುತ್ತೆ, ಎರಡಕ್ಕೂ ಏನು ವ್ಯತ್ಯಾಸ' ಅಂತ ಹುಡುಕೋದು. ಅದಕ್ಕೆ ಸಂಬಳ ತಗೋತೀನಿ. ಅವ್ವ ಒಂದು ಜಾಗದಲ್ಲಿ ಚೆನ್ನಾಗಿದ್ದಾಳೆ, ಇನ್ನೊಂದು ಜಾಗದಲ್ಲಿ ಕೆಮ್ಮುತ್ತಾಳೆ. ಅದಕ್ಕೆ ಕಾರಣ ಏನು ಅಂತ ಮಾತ್ರ ನನಗೆ ಹೊಳೆಯಲೇ ಇಲ್ಲ.

ಹುಳ ಹಣ್ಣಾದ ರಾತ್ರಿ

ಹುಳ ಗೂಡು ಕಟ್ಟೋಕೆ ತಯಾರಾದರೆ ಮೈ ತಿಳಿಯಾಗಿ ಹೊಳೆಯುತ್ತೆ. 'ಹಣ್ಣಾಯ್ತು' ಅಂತಾರೆ. ಆ ದಿನ ಕೂಲಿಯವರನ್ನೂ ಕರೆದು, ಸಾವಿರಾರು ಹುಳವನ್ನು ಬೇಗ ಬೇಗ ಕೈಯಲ್ಲಿ ಆಯ್ದು ಚಂದ್ರಂಕಿಗೆ ಬಿಡಬೇಕು. ತಡವಾದರೆ ಹಾಸಿಗೆಯಲ್ಲೇ ನೂಲು ಕಕ್ಕಿ ಗೂಡು ಹಾಳು. ಒಣಗಿದ ಸೊಪ್ಪು, ಹಿಕ್ಕೆ, ಸುಣ್ಣದ ಪುಡಿ ಎಲ್ಲಾ ಮೇಲೇಳುತ್ತೆ. ಮುಚ್ಚಿದ ಕೋಣೆ, ಹತ್ತು ಜನ.

ಆ ದಿನ ಸಾಯಂಕಾಲದಿಂದಲೇ ಅವ್ವನಿಗೆ ಉಸಿರು ಹಿಡಿದಿತ್ತಂತೆ. ಹೇಳಲಿಲ್ಲ. ಹುಳ ಮುಗಿಯಲಿ ಅಂತ ಕಾದಳು. ರಾತ್ರಿ ಹನ್ನೊಂದಕ್ಕೆ ಒಂದು ವಾಕ್ಯ ಪೂರ್ತಿ ಮಾತಾಡೋಕೂ ಆಗದೆ ಜಗಲಿ ಮೇಲೆ ಕೈ ಊರಿ ಕೂತಿದ್ದಳು. ಅಪ್ಪ ಪಕ್ಕದ ಮನೆಯವರ ಕಾರಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಆಕ್ಸಿಜನ್ ಕೊಟ್ಟರು, ನೆಬ್ಯುಲೈಸರ್ ಹಾಕಿದರು. ನಾನು ಬೆಂಗಳೂರಿಂದ ಹೋದಾಗ ಬೆಳಗಿನ ಮೂರು ಗಂಟೆ. ಮೂಗು ಬಾಯಿ ಮುಚ್ಚಿದ ಆ ಮಾಸ್ಕಿನ ಒಳಗಿಂದಲೇ ಅವಳು ಕೇಳಿದ ಮೊದಲ ಪ್ರಶ್ನೆ: "ಹುಳ ಎಲ್ಲಾ ಚಂದ್ರಂಕಿಗೆ ಬುಟ್ರಂತಾ?"

ಎರಡು ದಿನ ಬಿಟ್ಟು ಬೆಂಗಳೂರಿಗೆ ಕರೆದುಕೊಂಡು ಬಂದು ಎದೆರೋಗದ ಡಾಕ್ಟರಿಗೆ ತೋರಿಸಿದೆ. ಮೇಲೆ ಹೇಳಿದ ಫಾರಂ ತುಂಬಿದ್ದು ಆವತ್ತೇ. ಡಾಕ್ಟರಮ್ಮ ಕಂಪ್ಯೂಟರ್ ನೋಡಿ ಕೇಳಿದರು, "ಮನೇಲೇ ಇರ್ತೀರಾ ಅಮ್ಮ? ಸೌದೆ ಒಲೆನಾ, ಗ್ಯಾಸಾ?"

"ಗ್ಯಾಸು. ಹೂಂ, ಮನೇಲೇ ಇರೋದು" ಅಂದಳು ಅವ್ವ.

ಅವರು ಬಿಡಲಿಲ್ಲ. "ಬೆಳಗ್ಗೆ ಎದ್ದ ತಕ್ಷಣ ಏನು ಮಾಡ್ತೀರಿ? ಒಂದು ದಿನದ್ದು ಹೇಳಿ."

"ಎದ್ದು ಹುಳಿಗೆ ಸೊಪ್ಪು ಕೊಡ್ತೀನಿ..."

ಡಾಕ್ಟರಮ್ಮ ಕೀಬೋರ್ಡಿನಿಂದ ಕೈ ತೆಗೆದರು. "ಎಷ್ಟು ವರ್ಷದಿಂದ?"

"ನಾನು ಮದ್ವೆ ಆಗಿ ಬಂದಾಗ್ಲಿಂದ."

ಅವರು ನನ್ನ ಕಡೆ ನೋಡಿದರು. ಬೈಯಲಿಲ್ಲ. ಕಂಪ್ಯೂಟರಿನಲ್ಲಿದ್ದ 'ಗೃಹಿಣಿ' ಅಳಿಸಿ ಏನೋ ಟೈಪ್ ಮಾಡಿದರು. ಅಷ್ಟು ಸಾಕಾಯಿತು ನನಗೆ.

ಕ್ಯಾಲೆಂಡರಿನಲ್ಲಿ ಸಿಕ್ಕ ಉತ್ತರ

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೀನಿ. ಕೆಲಸದ ಜಾಗದಲ್ಲಿರೋ ಯಾವುದೋ ವಸ್ತುವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಸಿರಾಡುತ್ತಾ ಇದ್ದರೆ ಕೆಲವರ ದೇಹ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತೆ. ಒಮ್ಮೆ ಹಾಗೆ ಗುರುತಾದ ಮೇಲೆ ಚೂರೇ ಚೂರು ಸಾಕು, ಶ್ವಾಸನಾಳ ಊದಿಕೊಂಡು ಬಿಗಿಯುತ್ತೆ. ಹಾಗಾಗಿ 'ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ' ಅನ್ನೋ ಮಾತಿಗೆ ಅರ್ಥ ಇಲ್ಲ. ಇಷ್ಟು ವರ್ಷ ಆಗದೆ ಇದ್ದದ್ದೇ ಆಮೇಲೆ ಆಗೋದು. ಕೆಲಸದಿಂದ ದೂರ ಇದ್ದಾಗ ಕಡಿಮೆಯಾಗಿ, ವಾಪಸ್ ಹೋದಾಗ ಹೆಚ್ಚಾಗೋದು ಇದರ ಮುಖ್ಯ ಸುಳಿವು. ನಾನು ಮನಸ್ಸಿನ ಖಾಯಿಲೆ ಅಂದಿದ್ದು ಅದಕ್ಕೇ.

ರೇಷ್ಮೆಯಲ್ಲಿ ಇಂಥ ವಸ್ತುಗಳಿಗೆ ಬರ ಇಲ್ಲ. ಹುಳದ ಹಿಕ್ಕೆಯ ಪುಡಿ, ಉಚ್ಚೆ, ರೇಷ್ಮೆ ಎಳೆಯನ್ನು ಅಂಟಿಸೋ ಸೆರಿಸಿನ್ ಅನ್ನೋ ಪ್ರೋಟೀನು. ಮೊಟ್ಟೆ ತಯಾರಿಸೋ ಕೇಂದ್ರಗಳಲ್ಲಾದರೆ ಚಿಟ್ಟೆಯ ರೆಕ್ಕೆಯಿಂದ ಉದುರೋ ನುಣ್ಣನೆ ಪುಡಿ. ಇದರ ಮೇಲೆ, ಬೆಳೆ ಮುಗಿದಾಗ ಮನೆ ಶುದ್ಧ ಮಾಡೋಕೆ ಸಿಂಪಡಿಸೋ ಫಾರ್ಮಲಿನ್, ಬ್ಲೀಚಿಂಗ್ ಪೌಡರು. ಫಾರ್ಮಲಿನ್‌ನಲ್ಲಿರೋದು ಫಾರ್ಮಾಲ್ಡಿಹೈಡ್. ಅದು ಉಸಿರಿನ ನಾಳವನ್ನು ಕೆರಳಿಸೋದು ಮಾತ್ರ ಅಲ್ಲ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಪ್ಪ ಅವ್ವ ಇಬ್ಬರೂ ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನು ಹೊಡೆಯುತ್ತಿದ್ದರು. ಕಣ್ಣಲ್ಲಿ ನೀರು ಸುರಿಸಿಕೊಂಡು ಹೊರಗೆ ಬಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಡಾಕ್ಟರಮ್ಮ ಒಂದು ಪ್ಲಾಸ್ಟಿಕ್ ಕೊಳವೆ ಬರೆದುಕೊಟ್ಟರು, ಪೀಕ್ ಫ್ಲೋ ಮೀಟರ್. ಜೋರಾಗಿ ಊದಿದರೆ ಮುಳ್ಳು ಒಂದು ಸಂಖ್ಯೆಗೆ ಹೋಗಿ ನಿಲ್ಲುತ್ತೆ. ಉಸಿರು ಎಷ್ಟು ವೇಗವಾಗಿ ಹೊರಗೆ ಬರುತ್ತೆ ಅನ್ನೋ ಲೆಕ್ಕ. ಬೆಲೆ ಒಂದು ಪಿಜ್ಜಾಕ್ಕಿಂತ ಅಂಥ ಹೆಚ್ಚೇನಿಲ್ಲ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಮೂರು ಊದು, ಅದರಲ್ಲಿ ದೊಡ್ಡದನ್ನು ಬರೆಯಬೇಕು. ಕೆಲಸ ಇರೋ ದಿನ, ಇಲ್ಲದ ದಿನ ಎರಡೂ ಬೇಕು.

ಅವ್ವ ಒಂದು ತಿಂಗಳು ನಮ್ಮ ಮನೆಯಲ್ಲಿದ್ದು ಊದಿದಳು. ಆಮೇಲೆ ಡಾಕ್ಟರಿಗೆ ಹೇಳಿ, ಔಷಧಿ ತಗೊಳ್ಳುತ್ತಲೇ, ಒಂದು ಬೆಳೆ ಮುಗಿಯೋವರೆಗೆ ಊರಲ್ಲಿ ಊದಿದಳು. ಈ ಸಲ ಕೊನೇ ಜ್ವರದ ಮೇಲೆ ಹುಳದ ಮನೆ ಹತ್ತಿರ ಹೋಗಬಾರದು ಅಂತ ಕಟ್ಟಪ್ಪಣೆ ಇತ್ತು. ನಾನು ಸ್ಪ್ರೆಡ್‌ಶೀಟ್ ಮಾಡಿಕೊಟ್ಟಿದ್ದೆ. ಅಪ್ಪ ಅದನ್ನು ಮುಟ್ಟಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದ. ಅದೇ ಕ್ಯಾಲೆಂಡರಿನಲ್ಲಿ ಯಾವಾಗಲೂ ಹುಳದ ಲೆಕ್ಕ ಬರೆಯುತ್ತಿದ್ದನಲ್ಲ: ಚಾಕಿ ಬಂದ ದಿನ, ಮೂರನೇ ಜ್ವರ, ನಾಲ್ಕನೇ ಜ್ವರ, ಹಣ್ಣು. ಅವ್ವನ ನಂಬರುಗಳು ಹುಳದ ತಾರೀಕಿನ ಪಕ್ಕದಲ್ಲೇ ಬಂದು ಕೂತವು.

ಬೆಂಗಳೂರಲ್ಲಿ 290, 300. ಊರಿಗೆ ಹೋದ ಮೊದಲ ದಿನಗಳಲ್ಲಿ, ಹುಳ ಇನ್ನೂ ಬಂದಿರಲಿಲ್ಲ, 280. ಚಾಕಿ ಬಂದ ಮೇಲೆ 250. ನಾಲ್ಕನೇ ಜ್ವರದ ಹೊತ್ತಿಗೆ ಬೆಳಗ್ಗೆ 240, ರಾತ್ರಿ 190. ಒಂದೇ ದಿನದಲ್ಲಿ ಶೇಕಡಾ 20ರಷ್ಟು ಏರಿಳಿತ ಇದ್ದರೇ ಡಾಕ್ಟರುಗಳು ಗಮನಿಸುತ್ತಾರಂತೆ. ಕಟ್ಟಪ್ಪಣೆ ಇದ್ದೂ, ಹಣ್ಣಾದ ದಿನ ಅವ್ವ ಬಾಗಿಲಲ್ಲಿ ನಿಂತು ಕೂಲಿಯವರಿಗೆ ಮೇಲ್ವಿಚಾರಣೆ ಮಾಡಿದ್ದಳು. ಬರೀ ಬಾಗಿಲಲ್ಲಿ. ಆ ದಿನದ ನಂಬರು 170.

ಅಪ್ಪ ಕ್ಯಾಲೆಂಡರ್ ಮುಂದೆ ಬಹಳ ಹೊತ್ತು ನಿಂತಿದ್ದ. ಯಾವ ಡಾಕ್ಟರು ಹೇಳಿದ್ದರೂ ಅವನು ಅಷ್ಟು ನಂಬುತ್ತಿರಲಿಲ್ಲ. ತನ್ನದೇ ಅಕ್ಷರ ಅಲ್ಲವಾ? "ಹುಳಿನ್ ಜ್ವರ ಬರ್ದಿದ್ದೆ ಇಷ್ಟು ವರ್ಷ. ಇವಳದ್ದು ಇವಾಗ ಬರ್ದೆ" ಅಂದ.

ಮುನ್ನೂರು ವರ್ಷದ ಹಳೇ ಪ್ರಶ್ನೆ

ಆಮೇಲೆ ನಾನು ಓದೋಕೆ ಶುರುಮಾಡಿದೆ. ಬರ್ನಾರ್ಡಿನೊ ರಮಾಝಿನಿ ಅಂತ ಇಟಲಿಯ ಒಬ್ಬ ವೈದ್ಯ 1700ರಲ್ಲಿ ಕೆಲಸಗಾರರ ರೋಗಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ್ದ. ಧಾನ್ಯ ಜರಡಿ ಹಿಡಿಯೋರು, ಅಳೆಯೋರು ಧೂಳು ಕುಡಿದು ಉಬ್ಬಸಕ್ಕೆ ಬೀಳೋದನ್ನು ಅದರಲ್ಲಿ ಬರೆದಿದ್ದಾನೆ. ವೈದ್ಯರು ರೋಗಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಹಿಪೊಕ್ರಟೀಸನ ಕಾಲದಿಂದ ಇತ್ತು. ರಮಾಝಿನಿ ಅದಕ್ಕೆ ಇನ್ನೊಂದು ಸೇರಿಸಿ ಅಂದ: ನೀನು ಏನು ಕೆಲಸ ಮಾಡ್ತೀಯ?

ಮುನ್ನೂರು ವರ್ಷ ಆಯಿತು. ಅವ್ವನಿಗೆ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಸಿಗೋಕೆ ಹನ್ನೆರಡು ವರ್ಷ ಬೇಕಾಯಿತು. ಡಾಕ್ಟರುಗಳನ್ನು ಬೈಯೋಕೆ ನನಗೆ ಬಾಯಿಲ್ಲ. ಕೇಳಿದ ಜಾಗದಲ್ಲಿ ತಪ್ಪು ಉತ್ತರ ಬರೆದವನು ನಾನು.

ಇದು ರೇಷ್ಮೆಯವರ ಕಥೆ ಮಾತ್ರ ಅಲ್ಲ. ನೀವು ಬ್ಯಾಡಗಿ ಕಡೆಯವರಾದರೆ ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಂಗಸರ ಸೀನು, ಕೆಮ್ಮು ಕೇಳಿರ್ತೀರಿ. ಗಂಗಾವತಿ, ಸಿಂಧನೂರು ಕಡೆಯವರಾದರೆ ಭತ್ತದ ಮಷಿನ್ ಮುಂದೆ ಏಳೋ ಧೂಳು ನೋಡಿರ್ತೀರಿ. ಮಲೆನಾಡಿನವರಿಗೆ ಬೂಸ್ಟು ಹಿಡಿದ ಒಣಹುಲ್ಲು, ಕೊಟ್ಟಿಗೆ ಗೊತ್ತು. ಕೋಳಿ ಫಾರಂ ಒಳಗೆ ಹೋದವರಿಗೆ ಆ ಘಾಟು ಗೊತ್ತು. ಧಾನ್ಯದ ಧೂಳು, ಬೂಸ್ಟು, ಪ್ರಾಣಿಗಳ ಹೊಟ್ಟು, ಕೀಟನಾಶಕ, ಇವೆಲ್ಲ ಉಬ್ಬಸ ತರಬಲ್ಲವು, ಇರೋ ಉಬ್ಬಸವನ್ನು ಕೆರಳಿಸಬಲ್ಲವು. 'ಹಳ್ಳಿಯ ಶುದ್ಧ ಗಾಳಿ' ಅಂತ ನಾವು ವೀಕೆಂಡಿಗೆ ಹೋಗಿ ಸೆಲ್ಫಿ ತೆಗೆಯೋ ಜಾಗ ಕೆಲವರಿಗೆ ಕಾರ್ಖಾನೆ. ಕಾರ್ಖಾನೆ ಅಂತ ಹೆಸರಿಲ್ಲದ್ದರಿಂದ ಅಲ್ಲಿ ಇಎಸ್‌ಐ ಇಲ್ಲ, ಸೇಫ್ಟಿ ಆಫೀಸರ್ ಇಲ್ಲ, ಸಿಕ್ ಲೀವ್ ಇಲ್ಲ.

ಧೂಳು ಯಾರಿಗೆ?

ಹುಳದಿಂದ ದೂರ ಇರೋದೇ ಒಳ್ಳೆಯದು, ಎಷ್ಟು ಬೇಗ ಬಿಟ್ಟರೆ ಅಷ್ಟು ಚೇತರಿಕೆ ಅಂದರು ಡಾಕ್ಟರಮ್ಮ. ನಾನು ಊರಿಗೆ ಹೋಗಿ ಬೀಗಿಕೊಂಡು ಹೇಳಿದೆ, "ಹುಳ ಬಿಟ್ಬಿಡಿ. ನಾನು ತಿಂಗಳು ತಿಂಗಳು ದುಡ್ಡು ಕಳಿಸ್ತೀನಿ."

ಅವ್ವನಿಗೆ ಸಿಟ್ಟು ಬಂತು. "ನಿನ್ ದುಡ್ಡು ಬತ್ತದೆ, ಸರಿ. ಹುಳ ಬುಟ್ಟು ನಾನೇನ್ ಮಾಡ್ಲಿ, ಟಿವಿ ನೋಡ್ಲಾ? ನೀನು ಕೆಲ್ಸ ಬುಟ್ಟು ಬಂದು ನನ್ ಜೊತೆ ಕೂತ್ಕೋತೀಯಾ?" ಉತ್ತರ ಇರಲಿಲ್ಲ ನನ್ನ ಹತ್ತಿರ. ಗೂಡಿನ ಚೀಲ ಹೊತ್ತು ರಾಮನಗರದಿಂದ ಅಪ್ಪ ವಾಪಸ್ ಬಂದಾಗ ರೇಟು ಎಷ್ಟು ಹೋಯಿತು ಅಂತ ಕೇಳೋದು ಅವಳೇ. ಮುಂದಿನ ಬೆಳೆಗೆ ಎಷ್ಟು ಮೊಟ್ಟೆ ಅಂತ ತೀರ್ಮಾನ ಮಾಡೋದೂ ಅವಳೇ. ನಾನು ಬಿಟ್ಟುಬಿಡು ಅಂದದ್ದು ಕೆಮ್ಮನ್ನು ಮಾತ್ರ ಅಲ್ಲ, ಅವಳ ಯಜಮಾನಿಕೆಯನ್ನು.

ಕೊನೆಗೆ ಹೀಗಾಯಿತು. ಅವ್ವ ಹುಳದ ಮನೆಯ ಒಳಗೆ ಹೋಗಲ್ಲ. ತೋಟ, ಸೊಪ್ಪು, ಲೆಕ್ಕ ಅವಳದ್ದು. ಹುಳದ ಮನೆ ಈಗ ವಾಸದ ಮನೆಯಿಂದ ದೂರ, ಬೇರೆ ಕಟ್ಟಡ. ಒಳಗೆ ಹೋದ ಅಪ್ಪ ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ಮನೆಗೆ ಬರೋ ಹಾಗಿಲ್ಲ. ಕಸ ಗುಡಿಸೋ ಮುಂಚೆ ನೀರು ಚಿಮುಕಿಸುತ್ತಾರೆ. ಚಂದ್ರಂಕಿ ತೆಗೆದು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕ್ಲೀನ್ ಮಾಡುತ್ತಾರೆ. ಫಾರ್ಮಲಿನ್ ನಿಲ್ಲಿಸಿದ್ದೀವಿ. ಧೂಳಿಗೆ ಎನ್-95 ಮಾಸ್ಕ್ ತಂದುಕೊಟ್ಟೆ. ಅದು ಧೂಳು ಮಾತ್ರ ತಡೆಯುತ್ತೆ, ಔಷಧಿಯ ಆವಿಯನ್ನಲ್ಲ. ಆವಿಗೆ ಕಾರ್ಟ್ರಿಡ್ಜ್ ಇರೋ ಮಾಸ್ಕೇ ಬೇಕು. ಟವೆಲ್ ಎರಡಕ್ಕೂ ಆಗಲ್ಲ.

ಅವ್ವನಿಗೆ ಇನ್‌ಹೇಲರ್ ಒಪ್ಪಿಸೋದು ಬೇರೆ ಯುದ್ಧ. 'ಅದು ಅಭ್ಯಾಸ ಆಗೋಯ್ತದೆ' ಅಂತ ಊರಿಗೆ ಊರೇ ಹೇಳಿತ್ತು. ನಿಜ ಏನೆಂದರೆ, ಇನ್‌ಹೇಲರ್‌ನ ಔಷಧಿ ನೇರ ಶ್ವಾಸನಾಳಕ್ಕೆ ಹೋಗೋದರಿಂದ ಸ್ವಲ್ಪವೇ ಸಾಕು. ವರ್ಷಗಟ್ಟಲೆ ನುಂಗಿದ ಆ ಪುಟ್ಟ ಬಿಳಿ ಮಾತ್ರೆಯೇ ಮೂಳೆ, ಶುಗರ್ ಎರಡಕ್ಕೂ ಅಪಾಯ. ದಿನಾ ತಗೋಬೇಕಾದ ಇನ್‌ಹೇಲರ್ ಬೇರೆ, ಉಸಿರು ಕಟ್ಟಿದಾಗಿನದ್ದು ಬೇರೆ. ಚೆನ್ನಾಗಿದ್ದೀನಿ ಅಂತ ಮೊದಲನೆಯದನ್ನು ನಿಲ್ಲಿಸಬಾರದು. ಸ್ಪೇಸರ್ ಹಾಕಿ ಎಳೆದು, ಆಮೇಲೆ ಬಾಯಿ ಮುಕ್ಕಳಿಸಬೇಕು. ಅವ್ವ ಈಗ ಊರಿನ ಹೆಂಗಸರಿಗೆ ಇದನ್ನು ಪಾಠ ಮಾಡುತ್ತಾಳೆ. ಪೂರ್ತಿ ವಾಸಿಯಾಗಿಲ್ಲ. ಚಳಿಗಾಲದಲ್ಲಿ ಈಗಲೂ ಕಷ್ಟ. ಆದರೆ ಒಂದೂವರೆ ವರ್ಷದಿಂದ ಆಸ್ಪತ್ರೆಗೆ ಸೇರಿಸಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಇದು ಸುಖಾಂತ್ಯದ ಲೇಖನ ಆಗುತ್ತಿತ್ತು.

ಹುಳದ ಮನೆಯೊಳಗೆ ಅವ್ವ ಮಾಡುತ್ತಿದ್ದ ಕೆಲಸ ಈಗ ಯಾರು ಮಾಡ್ತಾರೆ? ಮೂಲೆಮನೆ ಅಕ್ಕ. ಮೊದಲು ಹಣ್ಣಾದ ದಿನ ಮಾತ್ರ ಬರುತ್ತಿದ್ದವಳು ಈಗ ಬೆಳೆ ಪೂರ್ತಿ ಬರುತ್ತಾಳೆ. ಸ್ವಂತ ಜಮೀನಿಲ್ಲ, ನಾಲ್ಕೈದು ಮನೆಯ ಹುಳದ ಕೂಲಿ ಮಾಡುತ್ತಾಳೆ. ನಮ್ಮಲ್ಲಿ ಬೆಳೆ ಮುಗಿದರೆ ಇನ್ನೊಬ್ಬರ ಮನೆಯಲ್ಲಿ ಶುರು. ಅಂದರೆ ಅವ್ವನಿಗೆ ಎರಡು ಬೆಳೆಯ ನಡುವೆ ಸಿಗುತ್ತಿದ್ದ ಬಿಡುವೂ ಅವಳಿಗಿಲ್ಲ. ಕಳೆದ ಯುಗಾದಿಗೆ ಹೋದಾಗ ಹುಳದ ಮನೆಯ ಒಳಗಿಂದ ಕೆಮ್ಮು ಕೇಳಿಸಿತು. ನನಗೆ ಚೆನ್ನಾಗಿ ಪರಿಚಯ ಇರೋ ಕೆಮ್ಮು, ಒಣ ಕೆಮ್ಮು, ಕೊನೆಯಲ್ಲಿ ಸಣ್ಣ ಸುಯ್‌.

ನಾನು ಕೊಟ್ಟ ಮಾಸ್ಕು ಅವಳ ಗದ್ದದ ಕೆಳಗಿತ್ತು. "ಹಾಕ್ಕೊಂಡ್ರೆ ಉಸ್ರು ಕಟ್ದಂಗಾಯ್ತದೆ ಕಣಪ್ಪ" ಅಂದಳು.

"ಅಕ್ಕ, ಡಾಕ್ಟರ ಹತ್ರ ಹೋಗೋಣ. ಸ್ವಲ್ಪ ದಿನ ಹುಳದ ಕೆಲ್ಸ ಬಿಡು, ತೋಟದ ಕೆಲ್ಸ ಮಾಡು."

"ತೋಟದ್ ಕೂಲಿ ದಿನಾ ಇರ್ತದಾ? ನಿಮ್ಮವ್ವಂಗೆ ನೀನಿದ್ದೀಯ."

ಹಂಗಿಸಿ ಹೇಳಿದ ಮಾತಲ್ಲ, ಲೆಕ್ಕ ಹೇಳಿದ್ದು. ನಾವು ಅವ್ವನ ಎದೆಯಿಂದ ಧೂಳು ತೆಗೆದು ಬೇರೆಯವರ ಎದೆಗೆ ಹಾಕಿದ್ದೆವು ಅಷ್ಟೇ. ಕೂಲಿ ಕೊಡುತ್ತೀವಲ್ಲ ಅಂತ ಅದನ್ನು ಯಾರೂ ತಪ್ಪು ಅನ್ನಲ್ಲ.

ಅಪ್ಪ, ಅವ್ವ, ನಾನು ರಾತ್ರಿ ಕೂತು ಮಾತಾಡಿದೆವು. ದೊಡ್ಡ ಕ್ರಾಂತಿ ಏನೂ ಆಗಲಿಲ್ಲ. ನೂರೈವತ್ತು ಮೊಟ್ಟೆ ತರುತ್ತಿದ್ದ ಅಪ್ಪ ನೂರಕ್ಕೆ ಇಳಿಸಿದ. ಹಣ್ಣಾದ ದಿನ ಎರಡೂ ಕಡೆ ಕಿಟಕಿ ತೆಗೆದು, ಫ್ಯಾನ್ ಹೊರಮುಖವಾಗಿ ಇಟ್ಟು, ಒಳಗೆ ಒಬ್ಬೊಬ್ಬರು ಎರಡು ಗಂಟೆ ಮಾತ್ರ ಅಂತ ಪಾಳಿ ಮಾಡಿದೆವು. ಮೂಲೆಮನೆ ಅಕ್ಕನಿಗೆ ನಮ್ಮ ಮನೆಯ ಮಟ್ಟಿಗೆ ಸೊಪ್ಪು ಕುಯ್ಯೋ ಕೆಲಸ, ಕೂಲಿ ಅಷ್ಟೇ. ಉಳಿದ ಮನೆಗಳಲ್ಲಿ ಅವಳು ಈಗಲೂ ಹುಳದ ಕೆಲಸಕ್ಕೇ ಹೋಗುತ್ತಾಳೆ. ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಒಬ್ಬ ಮಗನ ಸಂಬಳದಿಂದ ಆಗೋ ಕೆಲಸ ಅಲ್ಲ ಅದು. ಹುಳದ ಮನೆಗೆ ಸಬ್ಸಿಡಿ ಕೊಡೋ ವ್ಯವಸ್ಥೆ ನಮ್ಮಲ್ಲಿದೆ. ಅದರ ಒಳಗೆ ಉಸಿರಾಡೋರ ಎದೆಯನ್ನೂ ವರ್ಷಕ್ಕೊಮ್ಮೆ ಯಾರಾದರೂ ನೋಡಬೇಕು.

ಹೋದ ತಿಂಗಳು ಅವಳನ್ನು ಒಪ್ಪಿಸಿ ಅವ್ವನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಡ್ರೈವರ್ ಅಷ್ಟೇ. ಕೌಂಟರಿನ ಹುಡುಗಿ ಕೇಳಿದಳು, "ಏನು ಕೆಲಸ ಮಾಡ್ತಾರೆ?" ಮೂಲೆಮನೆ ಅಕ್ಕ, "ಏನಿಲ್ಲ ಕಣವ್ವ, ಮನೇಲೇ" ಅಂದಳು.

ಅವ್ವ ಕೌಂಟರಿನ ಮೇಲೆ ಕೈಯಿಟ್ಟು, "ರೇಷ್ಮೆ ಹುಳಿನ್ ಕೆಲ್ಸ ಅಂತ ಬರ್ಕೊ ತಾಯಿ. ಹದಿನೈದು ವರ್ಷದಿಂದ ಅಂತಾನೂ ಬರ್ಕೊ" ಅಂದಳು.

ನಿಮ್ಮ ಅವ್ವನೋ ಅಪ್ಪನೋ ಊರಲ್ಲಿ ಕೆಮ್ಮುತ್ತಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ 'ಮಾತ್ರೆ ತಗೊಂಡ್ಯಾ' ಅಂತ ಕೇಳೋ ಮುಂಚೆ ಇದನ್ನು ಕೇಳಿ: ಇವತ್ತು ಬೆಳಗ್ಗೆಯಿಂದ ಏನೇನು ಕೆಲಸ ಮಾಡಿದೆ? ಯಾವ ಕೆಲಸ ಮಾಡುವಾಗ ಹೆಚ್ಚಾಗುತ್ತೆ? ನನ್ನ ಹತ್ತಿರ ಬಂದಾಗ ಯಾಕೆ ಕಡಿಮೆ ಇತ್ತು? ಉತ್ತರ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಫಾರಂ ನೀವೇ ತುಂಬೋದಾದರೆ ಆ ಒಂದು ಖಾನೆಯ ಹತ್ತಿರ ಸ್ವಲ್ಪ ನಿಧಾನ ಮಾಡಿ.